ಮೋರಿವಾಕಿಯ ಮೂರು ಕಿಲೋಮೀಟರ್

“ಮೇಡಂ, ನಿಮ್ಮ ಲೆಕ್ಕ ತಪ್ಪಿದೆ ಅನ್ಸುತ್ತೆ.”

ವೇದವಲ್ಲಿ ತಿರುಗಿ ನೋಡಿದಳು. ಖಾಲಿ ಸ್ಟೇಡಿಯಂ, ಜಪಾನಿನ ಆಗಸ್ಟ್ ತಿಂಗಳ ಸುಡುಬಿಸಿಲು. ಎರಡು ಸೀಟು ದೂರದಲ್ಲಿ ನೀಲಿ ಮಾಸ್ಕ್, ಎಣ್ಣೆ ಕಲೆಯ ಸಮವಸ್ತ್ರ ತೊಟ್ಟ ಒಬ್ಬ ನಿಂತಿದ್ದ.

“ನೀವು ಯಾರು?”

“ಚಂದ್ರಮೌಳಿ. ದಾವಣಗೆರೆ. ಚೆಂಡಿನ ವೇಗ ಅಳೆಯೋ ಕ್ಯಾಮೆರಾ ಫಿಟ್ ಮಾಡಿದ್ದು ನಾನೇ. ನೀವು ಅಮ್ಮನಿಗೆ ಫೋನಲ್ಲಿ ನಿಮ್ಮ ವರದಿ ವಿಷಯ ಕನ್ನಡದಲ್ಲಿ ಹೇಳ್ತಿದ್ದದ್ದು ಕೇಳಿಸ್ತು, ಅದಕ್ಕೆ...”

*ಬೋಲ್ಟ್ ಬಿಗಿಯುವವನು ನನಗೆ ಸ್ಟ್ಯಾಟಿಸ್ಟಿಕ್ಸ್ ಕಲಿಸೋಕೆ ಬಂದಿದ್ದಾನೆ!*

ಅವಳು ಮೈಸೂರಿನ ಚಿನ್ನದ ಪದಕದವಳು. ಬೇಸ್‌ಬಾಲ್ ಆಟಗಾರ ಮುಂದಿನ ವರ್ಷ ಹೇಗೆ ಆಡುತ್ತಾನೆ ಎಂದು ಅಂಕಿಅಂಶಗಳಿಂದ ಅಂದಾಜು ಮಾಡುವುದು ಅವಳ ಕೆಲಸ. ಮಿನಾಟೋದ ಆಫೀಸಿನಲ್ಲಿ ಅವಳ ಅಂದಾಜಿಗೆ ಎದುರಾಡಿದವರಿಲ್ಲ. ಈಗಷ್ಟೇ ತಂಡದ ಮ್ಯಾನೇಜರ್ ಹತಾನಾಕಾ-ಸಾನ್‌ಗೆ ವರದಿ ಒಪ್ಪಿಸಿ ಬಂದಿದ್ದಳು. ಪಿಚರ್ ಮೋರಿವಾಕಿಗೆ ಮೂವತ್ನಾಲ್ಕು ವರ್ಷ. ಈ ಸೀಸನ್‌ನಲ್ಲಿ ಅವನ ಎಸೆತದ ವೇಗ ಗಂಟೆಗೆ ಮೂರು ಕಿಲೋಮೀಟರ್ ಇಳಿದಿದೆ. ಮುಂದಿನ ವರ್ಷ ಇನ್ನೂ ಇಳಿಯುತ್ತದೆ. ತಂಡದಿಂದ ಬಿಡಬಹುದು.

“ಹತ್ತೊಂಬತ್ತು ವರ್ಷದ ಹುಡುಗರ ವೇಗಾನೂ ಮೂರು ಇಳಿದಿದೆ ಮೇಡಂ. ಅವರನ್ಯಾಕೆ ಬಿಡ್ತಿಲ್ಲ?”

“ಕೊರೋನಾದಿಂದ ಸೀಸನ್ ಮೂರು ತಿಂಗಳು ಲೇಟು. ಚಿಕ್ಕವರು ಚೇತರಿಸಿಕೊಳ್ತಾರೆ. ಮೂವತ್ನಾಲ್ಕಕ್ಕೆ ಇಳಿದ್ರೆ ಅದು ವಯಸ್ಸು. ಸಾವಿರಾರು ಪಿಚರ್‌ಗಳ ಡೇಟಾ ಹೇಳುತ್ತೆ, ನಾನಲ್ಲ!”

“ಈ ಮೈದಾನದ ಡೇಟಾ ಬೇರೆ, ಹೊರಗಿನ ಮ್ಯಾಚ್‌ಗಳ ಡೇಟಾ ಬೇರೆ ಮಾಡಿ ನೋಡಿ. ಒಂದೇ ಒಂದ್ಸಲ...”

“ಹೊರಗೆ ಅವನು ಆಡಿರೋದು ಬೆರಳೆಣಿಕೆ ಮ್ಯಾಚು. ಅದರಿಂದ ಏನೂ ಗೊತ್ತಾಗಲ್ಲ. ನಿಮ್ಮ ಸ್ಪ್ಯಾನರ್ ಕೆಲಸ ನೀವು ನೋಡ್ಕೊಳ್ಳಿ. ನನ್ನ ತಲೆ ಕೆಲಸ ನನಗೆ ಬಿಡಿ!”

ಅವನ ಕಣ್ಣು ಒಂದು ಕ್ಷಣ ಕೆಳಗಿಳಿಯಿತು. “ಸುಮಿಮಾಸೆನ್,” ಎಂದು ಜಪಾನೀಯರಂತೆ ಬಾಗಿ ಕ್ಷಮೆ ಕೇಳಿ ಹೊರಟುಹೋದ.

*ಸೊಕ್ಕು!* ಎಂದುಕೊಂಡಳು ವೇದವಲ್ಲಿ. ಸೊಕ್ಕು ಯಾರದು ಎಂದು ಕೇಳಲು ಅಲ್ಲಿ ಯಾರೂ ಇರಲಿಲ್ಲ.

ಹತ್ತು ದಿನ ಕಳೆಯಿತು. ಬೆಳಿಗ್ಗೆ ಬಾಸ್ ಜಯಪ್ರಕಾಶ್ ಕರೆ ಮಾಡಿದರು. “ವೇದಾ, ನಿನ್ನ ರಿಪೋರ್ಟ್ ಹೋಲ್ಡ್ ಆಗಿದೆ. ಕ್ಯಾಮೆರಾ ಕಂಪನಿಯ ಇಂಜಿನಿಯರ್ ಒಬ್ಬ ನಂಬರ್ಸ್ ಸರಿಯಿಲ್ಲ ಅಂತ ತಂಡಕ್ಕೆ ಬರೆದಿದ್ದಾನೆ.”

ಅವಳ ಮೈ ಉರಿದುಹೋಯಿತು. ಬೆನ್ನ ಹಿಂದೆ ಚೂರಿ! ನಂಬರ್ ಹುಡುಕಿ ಕರೆ ಮಾಡಿದಳು.

“ಹೀರೋ ಆಗೋಕೆ ನನ್ನ ಆರು ವರ್ಷದ ಹೆಸರೇ ಬೇಕಿತ್ತೇನ್ರೀ? ನಿಮ್ಮಂಥೋರಿಗೆ ಓದಿದೋರನ್ನ ಕಂಡ್ರೆ ಹೊಟ್ಟೆಕಿಚ್ಚು! ಛೀ!”

“ನಿಮ್ಮ ಹೆಸರಿಗೆ ಏನೂ ಆಗಲ್ಲ ಮೇಡಂ,” ಎಂದಷ್ಟೇ ಹೇಳಿ ಅವನು ಫೋನಿಟ್ಟ.

ಅವನ ಮುಖಕ್ಕೆ ಪುರಾವೆ ಎಸೆಯಲೆಂದೇ ಅವಳು ಲ್ಯಾಪ್‌ಟಾಪ್ ತೆರೆದಳು. ಈ ಮೈದಾನ ಬೇರೆ, ಹೊರಗಿನ ಮೈದಾನಗಳು ಬೇರೆ. ತಂಡದ ಇಪ್ಪತ್ತೂ ಪಿಚರ್‌ಗಳ ಡೇಟಾವನ್ನು ಒಬ್ಬೊಬ್ಬರದಾಗಿ ವಿಂಗಡಿಸಿದಳು. ಹತ್ತು ನಿಮಿಷದ ಕೆಲಸ.

ಹೊರಗೆ ಮೋರಿವಾಕಿಯ ವೇಗ ಕಳೆದ ವರ್ಷದಷ್ಟೇ ಇತ್ತು. ಎಲ್ಲರದೂ ಹಾಗೆಯೇ! ಮೂರು ಕಿಲೋಮೀಟರ್ ಇಳಿದದ್ದು ಈ ಮೈದಾನದ ಕ್ಯಾಮೆರಾದಲ್ಲಿ ಮಾತ್ರ. ಅದೇ ತಪ್ಪಿಗೆ ಅವಳ ಲೆಕ್ಕ ಚಿಕ್ಕವರನ್ನು ಕ್ಷಮಿಸಿತ್ತು, ಮೋರಿವಾಕಿಯನ್ನು ಮುದುಕನನ್ನಾಗಿ ಮಾಡಿತ್ತು.

ಹತಾನಾಕಾ-ಸಾನ್ ಬಳಿ ಆ ಪತ್ರ ಕೇಳಿ ತರಿಸಿಕೊಂಡಳು.

‘ಮಾರ್ಚ್‌ನಲ್ಲಿ ಅವಸರದಲ್ಲಿ ಕ್ಯಾಮೆರಾ ಕೂರಿಸುವಾಗ ಕೋನ ತಪ್ಪಾಗಿ ಇಟ್ಟಿದ್ದೇನೆ. ನಿನ್ನೆ ಅಳೆದು ಖಚಿತಪಡಿಸಿಕೊಂಡೆ. ವಿಶ್ಲೇಷಕಿಯ ವಿಧಾನದಲ್ಲಿ ದೋಷವಿಲ್ಲ. ನಾನು ಕೊಟ್ಟ ಡೇಟಾದಲ್ಲಿ ದೋಷವಿದೆ. ಹೊಣೆ ಪೂರ್ತಿ ನನ್ನದು.’

*ಅಯ್ಯೋ... ನಾನೇನು ಅಂದುಬಿಟ್ಟೆ ಇವನಿಗೆ!*

ಮತ್ತೆ ಕರೆ ಮಾಡಿದಳು. ಎತ್ತಲಿಲ್ಲ. ಅವನನ್ನು ಆ ಕೆಲಸದಿಂದ ತೆಗೆದು ಸಗಮಿಹಾರಾದ ಕಾರ್ಖಾನೆಗೆ ಹಾಕಿದ್ದಾರೆಂದು ತಿಳಿಯಿತು.

ಅವಳು ಅತ್ತಳು. ಆಮೇಲೆ ತಾನೂ ತಂಡಕ್ಕೆ ಒಂದು ಪತ್ರ ಬರೆದಳು: ‘ಎಚ್ಚರಿಕೆ ಕೊಟ್ಟಾಗ ಪರೀಕ್ಷಿಸಲಿಲ್ಲ. ಅದು ನನ್ನ ತಪ್ಪು.’

“ಯಾರೂ ಕೇಳಿಲ್ಲವಲ್ಲಮ್ಮ, ಯಾಕೆ ತಲೆ ಕೊಡ್ತೀಯ?” ಎಂದರು ಜಯಪ್ರಕಾಶ್.

“ಅವರನ್ನೂ ಯಾರೂ ಕೇಳಿರ್ಲಿಲ್ಲ ಸರ್.”

ತಂಡದ ಕೆಲಸದ ಮುಂದಾಳತ್ವ ಅವಳ ಕೈತಪ್ಪಿತು. ಸರಿಪಡಿಸಿದ ಹೊಸ ಅಂದಾಜು ತಂಡಕ್ಕೆ ಹೋಯಿತು. ಅಕ್ಟೋಬರ್‌ನಲ್ಲಿ ತಂಡ ಮೋರಿವಾಕಿಯನ್ನು ಉಳಿಸಿಕೊಂಡಿತು. ಆ ಸುದ್ದಿ ಬಂದ ಮಧ್ಯಾಹ್ನವೇ ವೇದವಲ್ಲಿ ಸಗಮಿಹಾರಾದ ರೈಲು ಹತ್ತಿದಳು.

ಕಾರ್ಖಾನೆಯೆದುರಿನ ಕೊಂಬಿನಿ ಅಂಗಡಿಯ ಹೊರಗೆ, ಬೆಂಚಿನ ಮೇಲೆ ಅವನು ಒಬ್ಬನೇ ಕುಳಿತಿದ್ದ. ಅವಳನ್ನು ಕಂಡು ಗಡಬಡಿಸಿ ಎದ್ದ.

“ಮೋರಿವಾಕಿ ಉಳಿದ್ರು,” ಎಂದಳು. “ನಾನು... ನಿಮ್ಮನ್ನ ಕೀಳಾಗಿ ನೋಡಿದೆ. ಕ್ಷಮಿಸಿ ಅನ್ನೋಕೂ ನಾಚಿಕೆ ಆಗುತ್ತೆ. ನನ್ನ ಫೋನ್ ಯಾಕೆ ಎತ್ತಲಿಲ್ಲ?”

“ಇನ್ನೂ ಬೈಯೋದು ಬಾಕಿ ಇದೆಯೇನೋ ಅಂತ ಭಯ ಆಯ್ತು.”

ಅವಳಿಗೆ ನಗು, ಅಳು ಒಟ್ಟಿಗೇ ಬಂತು. “ನಿಮಗೆ ನನ್ನ ಮೇಲೆ ಸಿಟ್ಟಿಲ್ವಾ?”

“ಇತ್ತು. ಒಂದು ವಾರ.” ಅವನು ಮಾಸ್ಕ್ ಸರಿಪಡಿಸಿಕೊಂಡ. “ಆದ್ರೆ ಏಪ್ರಿಲ್‌ನಿಂದ ನನ್ನ ಎದುರು ನಿಂತು ಕನ್ನಡ ಮಾತಾಡಿದ್ದು ನೀವೊಬ್ರೇ. ರೂಮಿಗೆ ಹೋದ್ರೆ ನಿಮ್ಮ ಬೈಗುಳಾನೇ ನೆನಪಾಗ್ತಿತ್ತು. ಆಮೇಲೆ ನಿಮ್ಮ ಪತ್ರದ ವಿಷಯ ಗೊತ್ತಾಯ್ತು. ಅವತ್ತಿಂದ... ನೀವೇ ನೆನಪಾಗ್ತಿದ್ದೀರಿ. ಇಷ್ಟ ನೀವಂದ್ರೆ. ತಪ್ಪು ತಿಳ್ಕೋಬೇಡಿ.”

“ತಪ್ಪು ತಿಳ್ಕೊಂಡಿದ್ದು ಸಾಕಾಗಿದೆ ನನಗೆ!” ಅವಳು ಕಣ್ಣೊರೆಸಿಕೊಂಡಳು. “ರೈಲಲ್ಲಿ ಒಂದೂವರೆ ಗಂಟೆ ಕ್ಷಮೆ ಕೇಳೋಕೆ ಬರ್ತಿದ್ದೀನಿ ಅಂದ್ಕೊಂಡೆ. ಸುಳ್ಳು. ನಿಮ್ಮನ್ನ ನೋಡೋಕೆ ಬಂದೆ.”

ಅವನ ಕಿವಿಗಳು ಕೆಂಪಾದವು. ಬೆಂಚಿನ ಮೇಲೆ ಪ್ಲಾಸ್ಟಿಕ್ ಸುತ್ತಿದ ತಣ್ಣನೆಯ ಅನ್ನದುಂಡೆ ಒಂದು ಬಿದ್ದಿತ್ತು.

“ಥೂ, ಏನ್ರೀ ಇದು! ಇದು ಊಟಾನಾ?”

“ದಿನಾ ಇದೇ.”

“ಭಾನುವಾರ ಬನ್ನಿ. ಪುಳಿಯೋಗರೆ ಮಾಡ್ತೀನಿ.”

“ನಿಮಗೆ ಚೆನ್ನಾಗಿ ಮಾಡೋಕೆ ಬರುತ್ತಾ?”

“ಇಲ್ಲ,” ಎಂದಳು ವೇದವಲ್ಲಿ, ಮೆಲ್ಲಗೆ ಅವನ ಪಕ್ಕ ಕುಳಿತು. “ಆದ್ರೂ ಬನ್ನಿ.”