ಸುಣ್ಣ ಬಳಿದ ಕಲ್ಲು

"ಯಾರು ಬಳದೀರಿ ಇದನ್ನ?"

ವಿದ್ಯಾವತಿ ಕಲ್ಲಿನ ಮೇಲೆ ಕೈಯಿಟ್ಟು ಕೇಳಿದಳು. ಗೊಬ್ಬೂರಿನ ಆಚೆ, ಹಳೇ ದಿಬ್ಬದ ಮೇಲೆ, ಅವಳು ತಿಂಗಳಿನಿಂದ ಓದಲು ಹೆಣಗುತ್ತಿದ್ದ ಶಾಸನದ ಕಲ್ಲು ಬುಡದಿಂದ ತುದಿಯವರೆಗೆ ಬೆಳ್ಳಗಾಗಿ ನಿಂತಿತ್ತು. ನಡುವೆ ಕೆಮ್ಮಣ್ಣಿನ ಪಟ್ಟೆ. ಒಂದು ಅಕ್ಷರವೂ ಕಾಣುತ್ತಿರಲಿಲ್ಲ.

ಎದುರಿಗೆ ದಿಬ್ಬವಿದ್ದ ಹೊಲದ ಒಡೆಯರ ಮನೆಯ ಜಗದೇವ. ಅವನ ಉಗುರಿನ ಸಂದಿಯಲ್ಲಿ ಇನ್ನೂ ಸುಣ್ಣವಿತ್ತು.

"ನಾನೇ ಬಳದೀನ್ರಿ, ಮೇಡಂ."

ಅವಳು ಆ ಬೆರಳುಗಳನ್ನೇ ನೋಡಿದಳು. ದಿನಾ ಮಧ್ಯಾಹ್ನ ರೊಟ್ಟಿ, ಶೇಂಗಾ ಚಟ್ನಿ ತಂದು ಇಡುತ್ತಿದ್ದ ಕೈ ಇದೇ ಅಲ್ಲವೇ? ಬಿಸಿಲಲ್ಲಿ ಕೂತು ಅವಳು ಮಡಕೆ ಚೂರುಗಳ ಚಿತ್ರ ಬರೆಯುವಾಗ ಮಾತಿಲ್ಲದೆ ಕೊಡೆ ಹಿಡಿದ ಕೈ...

ವಿದ್ಯಾವತಿ ಜೇವರ್ಗಿಯವಳು. ಹಳೆಯ ಕಾಲದ ನೆಲೆಗಳನ್ನು ಹುಡುಕಿ ದಾಖಲಿಸುವುದು ಅವಳ ಕೆಲಸ. ಈ ದಿಬ್ಬದ ಮಣ್ಣನ್ನು ರಸ್ತೆಗೆ ಕೊಡಲು ಜಗದೇವನ ಚಿಕ್ಕಪ್ಪ ದೌಲತರಾಯ ಒಪ್ಪಿದ್ದು ತಿಳಿದಾಗಿನಿಂದ ಅವಳಿಗೆ ಅನ್ನ ಸೇರಿರಲಿಲ್ಲ. ಅಳಿಯುವ ಅಪಾಯದಲ್ಲಿರುವ ನೆಲೆಗಳಿಗೆ ತುರ್ತು ನೆರವು ಕೊಡುವ ಸಂಸ್ಥೆಯೊಂದಕ್ಕೆ ಮೊರೆಯಿಟ್ಟಿದ್ದಳು. ಅಲ್ಲಿಂದ ಅಂಜುಮ ಮೇಡಂ ಇವತ್ತೇ ಬರುವವರಿದ್ದರು. ಶಾಸನವನ್ನು ಕಣ್ಣಾರೆ ಕಂಡರೆ ಮಾತ್ರ ಬೇಲಿಗೆ, ನಕ್ಷೆಗೆ ಹಣ. ಕಾಣದಿದ್ದರೆ...

ಬೇವಿನ ಗಿಡದ ಕೆಳಗೆ ಮಣ್ಣು ಅಗೆಯುವ ಹಳದಿ ಜೆಸಿಬಿ ಆಗಲೇ ಬಂದು ನಿಂತಿತ್ತು.

"ಎಳ್ಳ ಅಮಾಸಿಗಿ ಹೊಲದಾಗ ಐದು ಕಲ್ಲಿಟ್ಟು, ಸುಣ್ಣ ಬಳದು ಪೂಜಿ ಮಾಡ್ತಾರ. ಅದು ನನಗೂ ಗೊತ್ತದ. ಆದ್ರ ಹಬ್ಬ ಇನ್ನೂ ದೂರ ಅದ. ಈಗ್ಯಾಕ ಬಳದ್ರಿ? ಅದೂ ಈ ಕಲ್ಲಿಗಿ?"

"ಬಳೀಬೇಕಾಗಿತ್ರಿ. ನಿಮಗ ಫೋನ್ ಹಚ್ಚಿದೆ, ಹತ್ತಲಿಲ್ಲ. ನಿನ್ನಿ ಸಂಜೀಕ..."

"ಸಾಕು ಬಿಡ್ರಿ. ನಿಮ್ಮ ಕಾಕಾಗ ಬೇಕಾದದ್ದೂ ಇದೇ. ಅಕ್ಷರ ಮುಚ್ಚಿದ್ರ ಇದು ಬರೇ ಕಲ್ಲು. ಬರೇ ಕಲ್ಲು ಕಿತ್ತು ಒಗದ್ರ ಯಾರು ಕೇಳ್ತಾರ? ರೊಟ್ಟಿ ಕೊಡೋ ನೆವದಾಗ ನನ್ನ ಕೆಲಸ ಎಲ್ಲಿಗಿ ಬಂತು ಅಂತ ನೋಡ್ಕೊಂಡು ಹೋಗಾಕತ್ತಿದ್ರೇನು?"

ಜಗದೇವನ ಮುಖ ಕಪ್ಪಿಟ್ಟಿತು.

"ನೀವು ಹಂಗ ತಿಳಕೊಂಡ್ರ ಹಂಗೇ ಇರ್ಲಿ."

ಅವನು ದಿಬ್ಬದ ಕೆಳಗಿನ ಬಾವಿಯ ಕಡೆ ನಡೆದುಬಿಟ್ಟ.

'ಒಮ್ಮೆ ಅಲ್ಲ ಅನ್ನು ಮಾರಾಯಾ... ಒಂದೇ ಒಂದು ಸಲ.' ಅವಳ ಮನಸ್ಸು ಅವನ ಬೆನ್ನಿಗೆ ಬೇಡಿಕೊಂಡಿತು. ಅವನು ತಿರುಗಲಿಲ್ಲ.

ಅಷ್ಟರಲ್ಲಿ ಜೆಸಿಬಿ ಗುಡುಗಿತು.

ಅವಳು ಇಳಿಜಾರಿನಲ್ಲಿ ಓಡಿದಳು. ಯಂತ್ರದ ಎದುರಿಗೆ ಹೋಗಿ, ಎರಡೂ ಕೈ ಚಾಚಿ ನಿಂತಳು.

ಡ್ರೈವರ್ ದಾವಲಸಾಬ ಗಕ್ಕನೆ ನಿಲ್ಲಿಸಿ ತಲೆ ಹೊರಗೆ ಹಾಕಿದ. "ಏ ತಂಗಿ, ಸರಿಯವಾ. ದಾರಿ ಬಿಡು."

"ದಿಬ್ಬಕ್ಕ ಕೈ ಹಚ್ಚೋದಾದ್ರ ಮೊದಲು ನನ್ನ ಮ್ಯಾಲ ಹಾಯಿಸು ಕಾಕಾ."

"ತೋಬಾ ತೋಬಾ, ಮುಂಜಾನೆದ್ದು ಎಂಥಾ ಮಾತಿದು. ನಾ ಖಜೂರಿ ಊರಿಗಿ ಹೊಂಟೀನಿ. ಅಲ್ಲಿ ಬ್ಯಾರೆ ಕೆಲಸ ಸಿಕ್ಕದ."

"ಮತ್ತ... ಈ ದಿಬ್ಬ?"

"ಇದನ್ನ ನಿನ್ನಿನೇ ಕಡೀಬೇಕಿತ್ತು. ಜಗದೇವ ಅಡ್ಡ ಬಂದ. ದೌಲತರಾಯ ಸಾವಕಾರ್ರು ಕೇಳಲಿಲ್ಲ. ನಿನಗ ಫೋನ್ ಹಚ್ಚಿ ಹಚ್ಚಿ ಸಾಕಾಗಿ ಮನಿಗಿ ಓಡಿದ. ಸುಣ್ಣದ ಬಕೀಟ ತಂದು ಕಲ್ಲಿಗಿ ಬಳದ, ಟೆಂಗಿನಕಾಯಿ ಒಡದ. ಪೂಜಿ ಆದ ಕಲ್ಲಿಗಿ ನಾ ಜೆಸಿಬಿ ಹಚ್ಚಲೇನು? ನಮ್ಮ ದರ್ಗಾಕ್ಕ ಹಚ್ಚತೀನೇನು? ಕೀಲಿ ತಗದು ಜೇಬಿಗಿ ಹಾಕ್ಕೊಂಡೆ."

"ದೌಲತರಾಯರು?"

"ಜಗದೇವನ ಕೊಳ್ಳಪಟ್ಟಿ ಹಿಡದು ಬೈದ್ರು. ಬೈದು ಬೈದು ದಣದು, ಕಡೀಗಿ ಚಪ್ಪಲ್ ಬಿಟ್ಟು ತಾವೇ ಕೈ ಮುಗದ್ರು. ಇನ್ನ ಈ ಮಣ್ಣು ಯಾರಿಗೂ ಕೊಡಂಗಿಲ್ಲ ಅಂತ ಹೇಳಿ ಹೋದ್ರು." ದಾವಲಸಾಬ ನಕ್ಕ. "ಈಗರೆ ದಾರಿ ಬಿಡ್ತಿಯೇನವಾ?"

ನಿನ್ನೆ ಸಂಜೆ ಚಾರ್ಜ್ ಇಲ್ಲದೆ ಸತ್ತಿದ್ದ ಫೋನು ಅವಳಿಗೆ ನೆನಪಾಯಿತು.

ಬಾವಿಯ ಕಟ್ಟೆಯ ಮೇಲೆ ಜಗದೇವ ಕೈ ಉಜ್ಜುತ್ತಾ ಕೂತಿದ್ದ.

"ಒಂದು ಮಾತು ಹೇಳಬಾರದಿತ್ತೇನ್ರಿ?" ಅವಳು ಅವನ ಎದುರು ಬಂದು ನಿಂತಳು.

"ಹೇಳಾಕೇ ಬಾಯಿ ತಗದಿದ್ದೆ. ಅಷ್ಟರಾಗ ನೀವು ತೀರ್ಪು ಕೊಟ್ಟಿದ್ರಿ." ಅವನು ತಲೆ ಎತ್ತಲಿಲ್ಲ. "ಆದ್ರ ಅಕ್ಷರ ಮುಚ್ಚಿದ್ದು ಖರೇನ. ಅದು ನನಗ ಹೊಳೀಲೇ ಇಲ್ರಿ. ಕಲ್ಲು ಉಳದ್ರ ಸಾಕು ಅನಿಸಿತ್ತು. ಅದು ಹೋದ್ರ ನೀವೂ ಈ ಕಡೀಗಿ ಬರಂಗಿಲ್ಲಲ್ಲ..."

ಮಾತು ಜಾರಿದ್ದು ತಿಳಿದು ಅವನು ಮತ್ತೆ ಉಗುರು ಉಜ್ಜತೊಡಗಿದ.

ವಿದ್ಯಾವತಿ ಕಟ್ಟೆಯ ಮೇಲಿದ್ದ ನೀರಿನ ಕೊಡ ಎತ್ತಿಕೊಂಡಳು. "ಏಳ್ರಿ. ಮೇಡಂ ಬರೋದ್ರಾಗ ಎಷ್ಟಾಗತದೋ ಅಷ್ಟು ತೊಳಿಯೋಣ."

ಇಬ್ಬರೂ ಕಲ್ಲಿನ ಎದುರು ಮಂಡಿಯೂರಿದರು. ಅವಳ ಹೆಗಲ ಓಢಣಿ, ಅವನ ಟವೆಲು ಉಜ್ಜುವ ಬಟ್ಟೆಗಳಾದವು. ಮೊದಲು ಬರೀ ಬಿಳಿ ನೀರು ಹರಿಯಿತು. ದೂರದ ರಸ್ತೆಯಲ್ಲಿ ಜೀಪಿನ ಧೂಳು ಎದ್ದಿತು. ಅವಳ ಕೈ ಇನ್ನೂ ಅವಸರ ಮಾಡಿತು. ಕರಿಕಲ್ಲು ನಿಧಾನವಾಗಿ ಹೊರಬಂತು, ಆಮೇಲೆ...

ಅವಳ ಕೈ ನಿಂತಿತು.

ಮೇಲಿನ ಸುಣ್ಣ ಹೋಗಿತ್ತು. ಕೆತ್ತಿದ ಗೆರೆಗಳೊಳಗಿನ ಸುಣ್ಣ ಉಳಿದಿತ್ತು. ಸವೆದು ಸವೆದು ಕಣ್ಣಿಗೆ ಸಿಗದಿದ್ದ ಅಕ್ಷರಗಳು ಕರಿಯ ಮೈಮೇಲೆ ಬೆಳ್ಳಗೆ, ಸಾಲು ಸಾಲಾಗಿ ನಿಂತಿದ್ದವು.

"ಜಗದೇವ... ನೋಡ್ರಿ."

ಅಂಜುಮ ಮೇಡಂ ಬಂದು ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿದರು. ನಡೆದದ್ದನ್ನು ಕೇಳಿ ಜಗದೇವನ ಕಡೆ ಬೆರಳು ತೋರಿಸಿದರು. "ಇನ್ನೊಮ್ಮೆ ಯಾವ ಶಾಸನಕ್ಕೂ ಸುಣ್ಣ ಬಳೀಬ್ಯಾಡ್ರಿ. ಕಲ್ಲು ಕೆಡತದ." ಆಮೇಲೆ ದನಿ ತುಸು ಮೆತ್ತಗಾಯಿತು. "ಬೇಲಿಯವರಿಗಿ ಹೇಳಿಡ್ರಿ. ತುರ್ತು ಹಣಕ್ಕ ನಾ ಈಗಲೇ ಮಾತಾಡ್ತೇನಿ."

ಅವರು ಫೋನು ಹಿಡಿದು ಬೇವಿನ ನೆರಳಿಗೆ ಹೋದರು. ದಿಬ್ಬದ ಮೇಲೆ ಇಬ್ಬರೇ ಉಳಿದರು.

"ಕಡೀ ಸಾಲಿನ್ಯಾಗ ಏನು ಬರದಾರ್ರಿ?"

"ಇದನ್ನ ಕಾಪಾಡಿದವಗ... ಅಂತ ಅದ."

"ಕಾಪಾಡಿದವಗ ಏನಂತ?"

"ಮುಂದಿನ ತುಂಡು ಒಡದು ಹೋಗ್ಯದ."

"ಅಂದ್ರ ನನಗೇನೂ ಇಲ್ಲ."

ಅವಳು ಒದ್ದೆ ಓಢಣಿಯ ಅಂಚಿನಿಂದ ಅವನ ಉಗುರಿನ ಸುಣ್ಣ ಒರೆಸಿದಳು. "ಬ್ಯಾರೆ ಶಾಸನದಾಗ 'ಪುಣ್ಯ' ಅಂತ ಬರದಿರತಾರ. ನಿನಗ ಅಷ್ಟು ಸಾಕೇನು?"

ಅವಳು 'ನಿನಗ' ಅಂದದ್ದು ಇಬ್ಬರಿಗೂ ಕೇಳಿಸಿತು.

"ಸಾಲಂಗಿಲ್ಲ, ವಿದ್ಯಾ."

"ಹಂಗಾದ್ರ ನಾಳೆ ರೊಟ್ಟಿ ನಾ ತರತೇನಿ. ನಮ್ಮ ಅವ್ವನ್ನೂ ಕರಕೊಂಡು ಬರ್ತೇನಿ. ನಿಮ್ಮ ಅವ್ವನ ಜೋಡಿ ಒಂದು ಮಾತು ಆಡೋದದ."

"ಯಾತರ ಮಾತು?"

"ಬೇಲಿ ಹಾಕಿದ ಮ್ಯಾಲೂ ನಾ ಇಲ್ಲೇ ಇರೋ ಮಾತು."