ಟಿಲ್ಲರ್ ಕಲಿಸುವ ಹುಡುಗ

ಟಿಲ್ಲರ್ ಹಿಡಿಯೋದು ಕಲಿಯೋಕೆ ಭಾನುವಾರ ಭಾನುವಾರ ಹೊಸಕೋಟೆಗೆ ಹೋಗ್ತೀನಿ ಅಂದಾಗ ನಮ್ಮಪ್ಪ ಆದಿನಾರಾಯಣಪ್ಪ ತಕ್ಷಣ ಒಪ್ಪಿಬಿಟ್ಟರು. ನಮ್ಮೂರು ಅನುಗೊಂಡನಹಳ್ಳಿಯಲ್ಲಿ ಟಿಲ್ಲರ್ ಅಂದರೆ ಒಂದೇ, ಹೊಲ ಉಳುವ ಡೀಸೆಲ್ ಯಂತ್ರ. ಹಾಯಿದೋಣಿಯ ಚುಕ್ಕಾಣಿಗೆ ಸಿಕ್ಕಿಸಿದ ಹಿಡಿಕೋಲಿಗೂ ಅದೇ ಹೆಸರು ಎಂದು ನಾನು ಬಿಡಿಸಿ ಹೇಳಲಿಲ್ಲ. ಹೇಳಿದ್ದರೆ ಮನೆಯಿಂದ ಕಳಿಸುತ್ತಿರಲಿಲ್ಲ.

ಅದು ತೊಂಬತ್ತೊಂದನೇ ಇಸವಿ, ಹೊಸಕೋಟೆ ಕೆರೆ ತುಂಬಿತ್ತು. ನಮ್ಮ ಕಾಲೇಜಿನ ಎನ್‌ಸಿಸಿಗೆ ಪುಟ್ಟ ಕ್ಯಾಟಮರಾನ್ ಒಂದು ಬಂದಿತ್ತು. ಎರಡು ತೆಳು ದೋಣಿಗಳನ್ನು ನೊಗಕ್ಕೆ ಹೂಡಿದ ಎತ್ತುಗಳ ಹಾಗೆ ಜೋಡಿಸಿ, ನಡುವೆ ಬಲೆ ಬಿಗಿದು, ಹಾಯಿ ಏರಿಸಿದ್ದು. ಕಲಿಸುವವನು ಜಡಿಗೇನಹಳ್ಳಿಯ ಶ್ರೀಧರ್, ನನಗಿಂತ ಮೂರು ವರ್ಷ ಸೀನಿಯರ್. ವಾರವೆಲ್ಲ ಫ್ಯಾಕ್ಟರಿ, ಭಾನುವಾರ ದೋಣಿ.

"ಎಡಕ್ಕೆ ತಿರುಗ್ಬೇಕು. ಬಲಕ್ಕೆ ತಳ್ಳಿ," ಅಂದ ಮೊದಲ ದಿನ.

"ಎಡಕ್ಕಾ, ಬಲಕ್ಕಾ? ಯಾವುದಾದ್ರೂ ಒಂದು ಹೇಳಿ."

"ಟಿಲ್ಲರ್ ಬಲಕ್ಕೆ ಹೋದ್ರೆ ದೋಣಿ ಎಡಕ್ಕೆ ಹೋಗುತ್ತೆ ಕಣ್ರೀ. ಇಲ್ಲಿ ಎಲ್ಲಾ ಉಲ್ಟಾ."

ಎತ್ತಿನ ಹಗ್ಗ ಹಿಡಿದು ಬೆಳೆದವಳು ನಾನು. ಎಡಕ್ಕೆ ಬೇಕಾದರೆ ಎಡಗಡೆ ಎಳೆಯುವುದು ನನ್ನ ಕೈಗೆ ಗೊತ್ತು. ಹಾಗಾಗಿ ಪ್ರತಿ ಸಲವೂ ದೋಣಿಯನ್ನು ಜೊಂಡಿನೊಳಗೆ ನುಗ್ಗಿಸುತ್ತಿದ್ದೆ. ಅವನು ನಗುತ್ತ ಟಿಲ್ಲರ್ ಹಿಡಿದು ತೋರಿಸುತ್ತಿದ್ದ, ನನ್ನ ಕೈಯಿಂದ ಒಂದು ಗೇಣು ದೂರದಲ್ಲಿ. ಆ ಗೇಣು ಯಾವತ್ತೂ ಕಮ್ಮಿಯಾಗಲಿಲ್ಲ. ನಾನು ನೀರು ನೋಡುವಾಗ ನನ್ನನ್ನೇ ನೋಡುತ್ತಿದ್ದವನು, ನಾನು ತಿರುಗಿದ ಕೂಡಲೇ ಹಾಯಿ ನೋಡುತ್ತಿದ್ದ.

"ಚಳಿ ಆಗ್ತಿದೆಯಾ ರತ್ನ ಅವರೇ?" ಎಂದು ಹಾಯಿಯನ್ನೇ ಕೇಳುತ್ತಿದ್ದ.

ನಾಲ್ಕು ವಾರದಲ್ಲಿ ಟಿಲ್ಲರ್ ಒಂದಷ್ಟು ಅರ್ಥವಾಯಿತು. ಈ ಮನುಷ್ಯ ಅರ್ಥವಾಗಲಿಲ್ಲ. ನನ್ನನ್ನು ಕಂಡರೆ ಇಷ್ಟವೋ, ಎಲ್ಲರ ಜೊತೆಯೂ ಹೀಗೇನೋ, ಒಂದೂ ತಿಳಿಯದೆ ತಲೆ ಕೆಟ್ಟುಹೋಗಿತ್ತು.

ಐದನೇ ಭಾನುವಾರ ನಾನೇ ಹೇಳಿದೆ. "ಮುಂದಿನ ವಾರ ನಾನು ಬರಲ್ಲ. ತ್ಯಾಮಗೊಂಡ್ಲಿಂದ ಗಂಡಿನ ಕಡೆಯವರು ನನ್ನ ನೋಡೋಕೆ ಬರ್ತಿದಾರೆ. ನಾನು ಹ್ಞೂಂ ಅಂದ್ರೆ ಅವತ್ತೇ ಮಾತುಕತೆ."

ಅವನು 'ಬೇಡ' ಅನ್ನಲಿ ಎಂದಷ್ಟೇ ನನಗೆ ಬೇಕಿತ್ತು.

"ಒಳ್ಳೇದೇ ಆಯ್ತಲ್ಲ. ಒಪ್ಕೊಳ್ಳಿ," ಎಂದು ದಡದ ಹಗ್ಗ ಬಿಚ್ಚಿದ.

ಗಾಳಿ ಎಡದಿಂದ ಬೀಸುತ್ತಿತ್ತು. ಕೆರೆಯ ನಡುವೆ, "ಈಗ ಟ್ಯಾಕ್ ಮಾಡಿ. ಗಾಳಿಗೆ ಮೂತಿ ಕೊಟ್ಟು ಎಡಕ್ಕೆ ತಿರುಗಿಸಿ, ನಿಧಾನಕ್ಕೆ," ಅಂದ. ನಿಧಾನ ನನ್ನಲ್ಲೆಲ್ಲಿತ್ತು? ಸಿಟ್ಟಿನಲ್ಲಿ ಟಿಲ್ಲರನ್ನು ಬಲಕ್ಕೆ ನೂಕಿಬಿಟ್ಟೆ. ಅರ್ಧ ತಿರುಗಿದ ದೋಣಿ ಗಾಳಿಗೆ ಎದುರಾಗಿ ನಿಂತೇಹೋಯಿತು. ಹಾಯಿ ಪಟಪಟ ಬಡಿದುಕೊಳ್ಳತೊಡಗಿತು. ಆಮೇಲೆ ನಾವು ಮೆಲ್ಲಗೆ ಹಿಂದಕ್ಕೆ ಜಾರಿದೆವು.

"ಬಲಕ್ಕೇ ತಳ್ಳಿದೀನಿ. ತಿರುಗ್ತಾನೇ ಇಲ್ಲ."

"ಹಿಂದಕ್ಕೆ ಹೋಗ್ತಿದೀವಲ್ಲ, ಈಗ ಉಲ್ಟಾ ಇಲ್ಲ. ಯಾವ ಕಡೆ ಬೇಕೋ ಆ ಕಡೆಗೇ ತಳ್ಳಿ."

ನಾನು ತಳ್ಳಲಿಲ್ಲ. ಟಿಲ್ಲರನ್ನೇ ಕೈಬಿಟ್ಟೆ.

"ಹಾಗಾದ್ರೆ ನೀವೂ ಉಲ್ಟಾ ಮಾತಾಡ್ಬೇಡಿ. ಸರಿಯಾಗಿ ಹೇಳಿ. ನಾನು ಒಪ್ಕೊಳ್ಲಾ?"

ಅವನು ಹಾಯಿ ನೋಡಿದ. ಬಡಿದುಕೊಳ್ಳುವ ಬಟ್ಟೆಯಲ್ಲಿ ನೋಡುವಂಥದ್ದೇನೂ ಇರಲಿಲ್ಲ. ಕೊನೆಗೆ ನನ್ನನ್ನು ನೋಡಿದ, ಐದು ವಾರದಲ್ಲಿ ಮೊದಲ ಸಲ, ಕಣ್ಣು ತಪ್ಪಿಸದೆ.

"ಬೇಡ," ಅಂದ. "ನೀವು ಒಪ್ಕೊಂಡ್ರೆ ನಾನು ಈ ಕೆರೆ ಕಡೆ ತಲೆ ಹಾಕಲ್ಲ."

"ಮತ್ತೆ ಒಳ್ಳೇದಾಯ್ತು ಅಂದ್ರಿ?"

"ನೀವು ಖುಷಿಯಾಗಿದೀರ ಅನ್ಕೊಂಡೆ."

"ನಾನು ಅಳೋ ಹಾಗಿದ್ದೆ."

ಟಿಲ್ಲರ್ ಹಿಡಿದು ಎಡಕ್ಕೆ ತಳ್ಳಿದೆ. ಅವನ ಕೈ ನನ್ನ ಕೈ ಮೇಲೆ ಬಂದು ಕೂತಿತು, ಗೇಣಿನ ಲೆಕ್ಕ ಮರೆತು. ದೋಣಿ ಎಡಕ್ಕೇ ತಿರುಗಿತು. ಹಾಯಿ ಗಾಳಿ ತುಂಬಿಕೊಂಡಾಗ ನನಗೆ ನಿಜಕ್ಕೂ ಅಳು ಬಂತು.

"ಶನಿವಾರವೇ ಬಂದು ಅಪ್ಪನ ಹತ್ರ ಮಾತಾಡಿ," ಅಂದೆ.

"ಯಾರು ಅಂತ ಹೇಳ್ಕೊಳ್ಲಿ?"

"ಟಿಲ್ಲರ್ ಕಲಿಸೋ ಹುಡುಗ ಅನ್ನಿ, ಸಾಕು. ಕೈಹಿಡಿದು ಹೊಲಕ್ಕೆ ಕರ್ಕೊಂಡು ಹೋಗ್ತಾರೆ."

"ಹೊಲಕ್ಕಾ? ಹೊಲಕ್ಕೆ ಯಾಕೆ?"

ಐದು ವಾರ ನಾನು ಪಟ್ಟ ಗೊಂದಲವನ್ನು ಶನಿವಾರದವರೆಗೆ ಅವನೂ ಪಡಲಿ ಎಂದು ನಾನು ಹಾಯಿ ನೋಡುತ್ತ ಕೂತೆ.