ಶಾಂತಿಗೀತೆಗೆ ಎರಡು ರಾಗ

"ಅಲುಗಾಡಬೇಡಿ. ಮೂಳೆ ಸೊಟ್ಟಗೆ ಕೂಡ್ಕೊಳ್ಳುತ್ತೆ."

"ನಾನೆಲ್ಲಿ ಅಲುಗಾಡ್ತಿದ್ದೀನಿ ಸಿಸ್ಟರ್? ನಿಮ್ಮ ಕೈಯೇ ನಡುಗ್ತಿದೆ."

ನಡುಗುತ್ತಿತ್ತು, ನಿಜ. ಆಸ್ಪತ್ರೆಯ ಪ್ಲಾಸ್ಟರ್ ರೂಮಿನಲ್ಲಿ ಎಷ್ಟೋ ಜನರ ಕೈಕಾಲು ಕಟ್ಟಿದ್ದೀನಿ. ಕುಡಿದು ಬಿದ್ದವರದ್ದು, ಬೈಕಿಂದ ಹಾರಿದವರದ್ದು. ಆದರೆ ಈ ಬಲಗೈ ನಮ್ಮ ಚರ್ಚಿನಲ್ಲಿ ಆರ್ಗನ್ ನುಡಿಸುವ ಮೇಷ್ಟ್ರದ್ದು. ಮುರಿದವನು ನನ್ನ ಒಡಹುಟ್ಟಿದ ಅಣ್ಣ. ಅದೂ ಈಗ ತಾನೇ, ಎಲ್ಲರೂ ಎದ್ದು ನಿಂತು ಶಾಂತಿಯ ಹಾಡು ಹೇಳುವಾಗ.

ನಗಬೇಡಿ. ನಡೆದದ್ದೇ ಹಾಗೆ.

ನಮ್ಮಲ್ಲಿ ಪ್ರತಿ ಭಾನುವಾರ ಆರಾಧನೆ ಮುಗಿಯುವುದು ಒಂದೇ ಹಾಡಿನಿಂದ, ದೇವರೇ ನಮ್ಮ ನಡುವೆ ಶಾಂತಿ ಕೊಡು ಅಂತ. ಅಜ್ಜನ ಕಾಲದಿಂದ ಅದಕ್ಕೊಂದು ನಿಧಾನದ ರಾಗ. ಹಾಡುವ ತಂಡ ನಡೆಸುವುದು ನಮ್ಮಪ್ಪ, ಅವರಿಗೆ ಆ ರಾಗ ಅಂದರೆ ಪ್ರಾಣ. ಹೋದ ವರ್ಷ ಬಂದ ಮೇಷ್ಟ್ರು ಅದೇ ಹಾಡಿಗೆ ಚುರುಕಾದ ಬೇರೊಂದು ರಾಗ ತಂದರು. ಸಾಲುಗಳ ಅಳತೆ ಒಂದೇ ಆದ್ದರಿಂದ ಮಾತು ಎರಡಕ್ಕೂ ಸಲೀಸಾಗಿ ಕೂರುತ್ತದೆ. ಅಲ್ಲೇ ಹತ್ತಿಕೊಂಡಿತು ನೋಡಿ ಬೆಂಕಿ. ಹುಡುಗರೆಲ್ಲ ಮೇಷ್ಟ್ರ ಕಡೆ, ಹಿರಿಯರೆಲ್ಲ ಅಪ್ಪನ ಕಡೆ.

ಇವತ್ತು ಮೇಷ್ಟ್ರು ಹೊಸ ರಾಗ ಎತ್ತಿದರು, ಅಪ್ಪ ಹಳೆಯದನ್ನು ಎತ್ತಿದರು. "ಶಾಂತಿ, ಶಾಂತಿ" ಅಂತ ಎರಡು ಕಡೆಯವರೂ ಕತ್ತಿನ ನರ ಉಬ್ಬಿಸಿಕೊಂಡು ಕಿರುಚಾಡಿದರು. ಯಾರೋ ಹಾಡಿನ ಪುಸ್ತಕ ಬೀಸಿ ಒಗೆದರು. ಅದು ಪೋಸ್ಟ್‌ಮ್ಯಾನ್ ಮೂಗಿಗೆ ಬಡಿದು ಬಿಳಿ ಶರ್ಟೆಲ್ಲ ರಕ್ತ. ಬೆಂಚು ಉರುಳಿತು, ಕಾಲರ್ ಹರಿಯಿತು. ಹಲ್ಲಿನ ಡಾಕ್ಟರೇ ಟೈಲರ್‌ ಹಲ್ಲು ಉದುರಿಸಿದರು. ಬಿಡಿಸಲು ಬಂದ ಪಾದ್ರಿಗಳೂ ಬೆನ್ನಿಗೆ ನಾಲ್ಕು ತಿಂದರು. ಮೇಷ್ಟ್ರು ಮಾತ್ರ ನುಡಿಸುತ್ತಲೇ ಇದ್ದರು. ಬಡಗಿ ಕೆಲಸದ ನಮ್ಮಣ್ಣ ಬೆಂಚು ಹಾರಿ ಹೋದವನೇ ಆರ್ಗನ್ ಮುಚ್ಚಳವನ್ನು ದಢಾರಂತ ಬಡಿದ. ಕೈ ಒಳಗೇ ಇತ್ತು. ಮೂಳೆ ಮುರಿದ ಸದ್ದು ನನ್ನ ಸಾಲಿನವರೆಗೂ ಕೇಳಿಸಿತು.

"ಪೊಲೀಸ್ ಕಂಪ್ಲೇಂಟ್ ಕೊಡ್ತೀರಾ?" ಅಂತ ಕೇಳಿದೆ.

"ಇಲ್ಲ. ಬರೋ ಭಾನುವಾರ ಹಳೇ ರಾಗಾನೇ ಎಡಗೈಲಿ ನುಡಿಸಿ, ಸೋಮವಾರ ಊರು ಬಿಡ್ತೀನಿ."

ಈ ಮನುಷ್ಯನ ಮೇಲೆ ನನಗೆ ಮನಸ್ಸಾಗಿ ಎಷ್ಟೋ ದಿನವಾಗಿತ್ತು, ಹೇಳಿರಲಿಲ್ಲ ಅಷ್ಟೇ.

"ಅಂದ್ರೆ ನಿಮ್ಮ ರಾಗ ಬಿಟ್ಟುಬಿಡ್ತೀರಾ? ಅದಕ್ಕೇ ತಾನೇ ಇಷ್ಟೆಲ್ಲ ರಾದ್ಧಾಂತ?"

ಅವರ ಕಿವಿ ಕೆಂಪಾಯಿತು. "ನಂಗೆ ಆ ರಾಗ ಅಷ್ಟೇನೂ ಇಷ್ಟ ಇಲ್ಲ."

"ಏನಂದ್ರಿ?"

"ಹಳೇದರಲ್ಲಿ ಎಲ್ಲೂ ನಿಲ್ಲೋ ಹಾಗಿಲ್ಲ. ನೀವು ಪುಸ್ತಕದಿಂದ ತಲೇನೇ ಎತ್ತಲ್ಲ. ಹೊಸದರಲ್ಲಿ ಮೂರನೇ ಸಾಲಾದ ಮೇಲೆ ಒಂಚೂರು ನಿಲ್ಲಬೇಕು. ಆಮೇಲೆ ಎತ್ತಿಕೊಳ್ಳೋಕೆ ಎಲ್ಲರೂ ಆರ್ಗನ್ ಕಡೆ ನೋಡಲೇಬೇಕು." ಪ್ಲಾಸ್ಟರ್ ಕಡೆ ನೋಡುತ್ತಲೇ ಮುಂದುವರಿಸಿದರು. "ಹಿಂದೆ ನಿಂತವರು ನನಗೆ ಕಾಣಲಿ ಅಂತ ಆರ್ಗನ್ ಮೇಲೆ ಕನ್ನಡಿ ಇಟ್ಟಿದ್ದಾರಲ್ಲ? ಅದರಲ್ಲಿ ಆಗ ನಿಮ್ಮ ಕಣ್ಣು ಕಾಣುತ್ತೆ."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಪೋಸ್ಟ್‌ಮ್ಯಾನ್ ಮೂಗು, ಟೈಲರ್ ಹಲ್ಲು, ಈ ಬೆರಳುಗಳು, ಎಲ್ಲಾ ಇದಕ್ಕಾ?

"ಬಾಯಿಬಿಟ್ಟು ಹೇಳೋಕೆ ಏನಾಗಿತ್ತು ಧಾಡಿ? ಕೊಡಿ ಆ ಎಡಗೈ, ಅದನ್ನೂ ಮುರಿದು ಹಾಕ್ತೀನಿ!"

ಚಾಚಿಯೇಬಿಟ್ಟರು, ಪುಣ್ಯಾತ್ಮ. ನಾನು ಹಿಡಿದೆ. ಮುರಿಯಲಿಲ್ಲ. ಬಾಗಿಲಲ್ಲಿ ಮುಂದಿನ ಪೇಷಂಟ್ ಕೆಮ್ಮುವವರೆಗೂ ಬಿಡಲಿಲ್ಲ.

"ಇನ್ನೊಂದು ಸಲ ಸಿಸ್ಟರ್ ಅಂದ್ರೆ ನೋಡಿ ಮತ್ತೆ," ಅಂದೆ. "ಊರು ಬಿಡಬೇಡಿ."

"ಒಂದು ವಾರ ಟೈಮು, ಅದಾದ ಸೋಮವಾರ ಕಣ್ಣಿಗೆ ಬಿದ್ರೆ ಉಳಿಸಲ್ಲ ಅಂದಿದ್ದಾರೆ ನಿಮ್ಮಣ್ಣ. ನಿಮ್ಮ ಮನೇಲಿ ಹೊಡೆದಾಟ ತಂದಿಟ್ಟು ನಿಮ್ಮನ್ನ ಕೇಳೋಕೆ ನಂಗೆ ಮನಸ್ಸಿಲ್ಲ. ಅವರಾಗಿ ಇರು ಅಂದ್ರೆ ಮಾತ್ರ ಇರ್ತೀನಿ."

ಮನೆಗೆ ಹೋದವಳೇ ಅಣ್ಣನ ಕೆನ್ನೆಗೆ ಛಟೀರಂತ ಬಾರಿಸಿದೆ. ಇನ್ನೊಂದು ಕೆನ್ನೆ ತೋರಿಸುವ ಪಾಠ ಅವನೂ ಚಿಕ್ಕಂದಿನಿಂದ ಕೇಳಿದ್ದಾನೆ. ತೋರಿಸಲಿಲ್ಲ, ತಿರುಗಿ ನನಗೇ ಬಿಟ್ಟ. ತುಟಿ ಒಡೆದು ಬಾಯೆಲ್ಲ ರಕ್ತವಾಯಿತು. ನಾನು ಅವನ ಕೂದಲಿಗೆ ಕೈ ಹಾಕಿದೆ. ಅಮ್ಮ ಸೌಟು ಹಿಡಿದು ಓಡಿಬಂದು ಇಬ್ಬರಿಗೂ ಕೊಟ್ಟಳು.

"ಅಪ್ಪನ ಮರ್ಯಾದೆ ತೆಗೆಯೋಕಲ್ಲ ಕಣೋ! ನಾನು ತಲೆ ಎತ್ತಿ ನೋಡಲಿ ಅಂತ ಅವರು ರಾಗ ಬದಲಾಯಿಸಿದ್ದು! ನಂಗೂ ಅವರೇ ಬೇಕು!" ಅಂತ ಕಿರುಚಿದೆ.

ಅಣ್ಣ ಎತ್ತಿದ ಕೈ ಹಾಗೇ ನಿಂತಿತು. "ಅದಕ್ಕಾ?" ಅಂದ. ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ಒಳಗಿನ ಕೋಣೆಯಲ್ಲಿದ್ದ ಅಪ್ಪನಿಗೂ ಕೇಳಿಸಿರಲೇಬೇಕು. ಬಾಗಿಲು ಮಾತ್ರ ತೆಗೆಯಲಿಲ್ಲ. ವಾರವೆಲ್ಲ ಮನೆಯಲ್ಲಿ ಯಾರೂ ಯಾರನ್ನೂ ಮಾತಾಡಿಸಲಿಲ್ಲ.

ಭಾನುವಾರ ಚರ್ಚು ತುಂಬಿತ್ತು. ಮುಖ ಊದಿಕೊಂಡವರು, ಪಟ್ಟಿ ಕಟ್ಟಿಕೊಂಡವರು, ಮುಷ್ಟಿ ಬಿಗಿಹಿಡಿದೇ ಬಂದವರು. ಕೊನೆಯ ಹಾಡಿಗೆ ಮೇಷ್ಟ್ರು ಎಡಗೈಯಿಂದ ಆರ್ಗನ್ ಮುಚ್ಚಳ ಎತ್ತಿದರು. ಅಣ್ಣ ಬಡಿದ ಏಟಿಗೆ ಅದರ ಹಿಂಜ್ ಕಿತ್ತುಬಂದಿತ್ತು. ನುಡಿಸಲು ಕೈ ತೆಗೆದರೆ ಮುಚ್ಚಳ ಧೊಪ್ಪಂತ ಬೀಳುತ್ತಿತ್ತು. ಮತ್ತೆ ಎತ್ತಿದರು, ಮತ್ತೆ ಬಿತ್ತು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಇನ್ಯಾರೋ ಅವನ ಕಾಲರ್ ಹಿಡಿದರು.

ಅಣ್ಣ ಎದ್ದ. ಸೀದಾ ಆರ್ಗನ್ ಹತ್ತಿರ ನಡೆದ. ನಾನು ಹಾಡಿನ ಪುಸ್ತಕ ಎರಡೂ ಕೈಯಲ್ಲಿ ಎತ್ತಿ ಹಿಡಿದೆ. ಮೇಷ್ಟ್ರ ಮೈ ಮುಟ್ಟಿದರೆ ಅವನ ತಲೆ ಒಡೆಯುವುದೇ ಸೈ ಅಂದುಕೊಂಡೆ.

ಅವನು ಮುಚ್ಚಳ ಎತ್ತಿ ಹಿಡಿದುಕೊಂಡು ನಿಂತ.

"ನುಡಿಸಿ ಮೇಷ್ಟ್ರೇ. ಬೀಳಲ್ಲ," ಅಂದ. ದನಿ ಒಡೆದಿತ್ತು. "ನಾಳೆ ಬಂದು ಹೊಸ ಹಿಂಜ್ ಹಾಕ್ತೀನಿ. ನೀವೂ ಇಲ್ಲೇ ಇರಿ. ಸರಿ ಕೂತಿದೆಯಾ ಅಂತ ನೀವೇ ನೋಡ್ಬೇಕು."

ನಾಳೆ ಅಂದರೆ ಸೋಮವಾರ. ಎತ್ತಿ ಹಿಡಿದಿದ್ದ ಪುಸ್ತಕ ಕೆಳಗಿಳಿಸಿದೆ.

ಮೇಷ್ಟ್ರು ಎಡಗೈಯಲ್ಲೇ ಅಪ್ಪನ ಹಳೇ ರಾಗ ಶುರುಮಾಡಿದರು. ಒಂದನೇ ಸಾಲು, ಎರಡನೇ ಸಾಲು. ಮೂರನೆಯದು ಮುಗಿಯಿತು. ಆ ರಾಗದಲ್ಲಿ ಅಲ್ಲಿ ನಿಲ್ಲುವ ಹಾಗೇ ಇಲ್ಲ. ಆದರೆ ಅಪ್ಪ ಕೈ ಎತ್ತಿ ಎಲ್ಲರನ್ನೂ ನಿಲ್ಲಿಸಿದರು.

ನಾನು ತಲೆ ಎತ್ತಿದೆ. ಕನ್ನಡಿಯಲ್ಲಿ ಮೇಷ್ಟ್ರ ಕಣ್ಣು ನನಗಾಗಿ ಕಾಯುತ್ತಿತ್ತು, ತುಂಬಿಕೊಂಡಿತ್ತು. ನಕ್ಕೆ. ಒಡೆದ ತುಟಿ ಚುರ್ ಅಂದರೂ ನಗು ನಿಲ್ಲಲಿಲ್ಲ.

"ಸಾಕಾ?" ಅಂತ ಗದರಿಸಿ, ಅಪ್ಪ ನಾಲ್ಕನೇ ಸಾಲು ಎತ್ತಿಕೊಂಡರು.